ಕೆಂಪು, ಕಪ್ಪು, ಹಸಿರು ಪಟ್ಟಿಗಳ ಧ್ವಜ ಕಪ್ಪು ಜನರ ವಿಮೋಚನೆಯ ಸಂಕೇತವಾದದ್ದು ಹೇಗೆ?

ಜಮೈಕಾ ಮೂಲದ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿಯವರ ಸಂಘಟನೆ 1920ರ ಆಗಸ್ಟ್ 13ರಂದು ನ್ಯೂಯಾರ್ಕ್ ಸಮಾವೇಶದಲ್ಲಿ ಈ ಧ್ವಜವನ್ನು ಅಂಗೀಕರಿಸಿತು. ಅದಕ್ಕೂ ಮೊದಲು ಅಮೆರಿಕದಲ್ಲಿ, ಎಲ್ಲ ಜನಾಂಗಗಳಿಗೂ ಬಾವುಟವಿದೆ, ಕಪ್ಪು ಜನರಿಗೆ ಮಾತ್ರ ಇಲ್ಲ ಎಂದು ಹೀಯಾಳಿಸುವ ಹಾಡೊಂದು ಬಹಳ ಜನಪ್ರಿಯವಾಗಿತ್ತು. ಆ ಅವಮಾನಕ್ಕೆ ಗಾರ್ವಿಯವರು ಕೊಟ್ಟ ಉತ್ತರ ಎಷ್ಟು ಘನವಾದದ್ದು ನೋಡಿ! ಕೆಂಪು, ವಿಮೋಚನೆಗಾಗಿ ಹರಿದ ರಕ್ತ. ಕಪ್ಪು, ಆ ಜನರ ಮೈಬಣ್ಣ. ಹಸಿರು, ಆಫ್ರಿಕಾದ ಫಲವತ್ತಾದ ನೆಲ. ಹೀಯಾಳಿಕೆಗೆ ಗುರಿಯಾಗಿದ್ದ ಬಣ್ಣವೇ ಬಾವುಟದ ನಡುವೆ ನಿಂತಿತು.

ಇದರ ಜೊತೆ ಇನ್ನೊಂದು ಬಣ್ಣಗಳ ಪರಂಪರೆಯೂ ಇದೆ. ಹಲವರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಹಸಿರು, ಹಳದಿ, ಕೆಂಪು ಇಥಿಯೋಪಿಯಾದ ಬಣ್ಣಗಳು. 1896ರಲ್ಲಿ ಅಡ್ವಾ ಕದನದಲ್ಲಿ ಇಟಲಿಯ ಸೇನೆಯನ್ನು ಸೋಲಿಸಿದ ಆ ದೇಶ ಇಡೀ ಖಂಡಕ್ಕೆ ಸ್ವಾತಂತ್ರ್ಯದ ಭರವಸೆಯಾಗಿತ್ತು. 1957ರಲ್ಲಿ ಸ್ವತಂತ್ರವಾದ ಘಾನಾದ ಧ್ವಜದಲ್ಲಿ ಎರಡೂ ಧಾರೆಗಳು ಕೂಡಿದವು. ಥಿಯೊಡೋಸಿಯಾ ಒಕೊ ಎಂಬ ಕಲಾವಿದೆ ರೂಪಿಸಿದ ಆ ಧ್ವಜದ ಪಟ್ಟಿಗಳಲ್ಲಿ ಇಥಿಯೋಪಿಯಾದ ಬಣ್ಣಗಳಿವೆ. ನಡುವಿನ ಕಪ್ಪು ನಕ್ಷತ್ರ ಗಾರ್ವಿಯವರ 'ಬ್ಲ್ಯಾಕ್ ಸ್ಟಾರ್ ಲೈನ್' ಹಡಗು ಕಂಪನಿಯನ್ನು ನೆನಪಿಸುತ್ತದೆ. ಗಾರ್ವಿಯವರ ಮೂರು ಬಣ್ಣಗಳನ್ನು ನೋಡಬೇಕೆಂದರೆ ಕೀನ್ಯಾ ಮತ್ತು ಮಲಾವಿ ಧ್ವಜಗಳನ್ನು ಗಮನಿಸಿ.