‘ಎಲ್ಲ ನಾನೇ ಆರಿಸಿದ್ದು, ಆದ್ರೂ ಇದು ನನ್ನ ಮದುವೆ ಅನ್ನಿಸ್ತಿಲ್ಲ’

ಅವಳನ್ನು ಚೈತ್ರಾ ಅಂತ ಕರೆಯೋಣ. ಅದು ನಿಜವಾದ ಹೆಸರಲ್ಲ. ಊರು, ಕೆಲಸ, ಮನೆಯವರ ವಿವರಗಳನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ಮದುವೆ ಗೊತ್ತಾದ ಹುಡುಗಿಯರು ಓದಲಿ ಅಂತ ಅವಳೇ ಹೇಳಿದ್ದು.

ವಯಸ್ಸು 27. ಹಾಸನದ ಕಡೆಯ ಹಳ್ಳಿಯವಳು, ಕೆಲಸ ಬೆಂಗಳೂರಿನಲ್ಲಿ. ಮದುವೆಗೆ ಮೂರು ತಿಂಗಳಿರುವಾಗ ಆಪ್ತ ಸಲಹೆಗೆ ನನ್ನ ಹತ್ತಿರ ಬಂದಳು. ನಿದ್ದೆ ಬರಲ್ಲ, ಸುಮ್ನೆ ಕೂತಿದ್ದರೂ ಅಳು ಬರುತ್ತೆ, ಹುಡುಗನ ಮೇಲೆ ಸಣ್ಣ ಸಣ್ಣದಕ್ಕೂ ರೇಗ್ತೀನಿ ಎಂದಳು. ಮೊದಲು ನಾನು ವಿಚಾರಿಸಿದ್ದು ಬೇರೆಯದನ್ನೇ. ಈ ಮದುವೆ ನಿನಗೆ ಇಷ್ಟವಾ? ಯಾರಾದರೂ ಬಲವಂತ ಮಾಡುತ್ತಿದ್ದಾರಾ? ವರದಕ್ಷಿಣೆ ಮಾತು ಬಂದಿದೆಯಾ? ಸಾಯಬೇಕು ಅನ್ನಿಸಿದ್ದುಂಟಾ? ಮದುವೆಗೆ ಮುಂಚಿನ ಅಳುವಿನ ಹಿಂದೆ ಎಷ್ಟೋ ಸಲ ಹೇಳಿಕೊಳ್ಳಲಾಗದ ಭಯ ಇರುತ್ತದೆ. ಅದಕ್ಕೇ ಇವನ್ನು ಬಾಯಿಬಿಟ್ಟು ಕೇಳಲೇಬೇಕು. ಇವಳ ವಿಷಯದಲ್ಲಿ ಹಾಗೇನೂ ಇರಲಿಲ್ಲ. ಹುಡುಗನನ್ನು ಇಷ್ಟಪಟ್ಟೇ ಒಪ್ಪಿದ್ದಳು. ಎರಡೂ ಮನೆಯವರು ಹೊಂದಿಕೊಂಡು ಹೋಗುವ ಜನ.

ಸ್ವಲ್ಪ ಹೊತ್ತಿನ ನಂತರ ಹೇಳಿದಳು: ‘ಮೇಡಂ, ಎಲ್ಲ ನಾನೇ ಆರಿಸಿದ್ದು. ಆದ್ರೂ ಇದು ನನ್ನ ಮದುವೆ ಅನ್ನಿಸ್ತಿಲ್ಲ.’

ಏನೇನು ಆರಿಸಿದ್ದೀಯಾ ತೋರಿಸು ಎಂದೆ. ಫೋನ್ ತೆಗೆದಳು. ಇನ್‌ಸ್ಟಾಗ್ರಾಮಿನಲ್ಲಿ ಸೇವ್ ಮಾಡಿಟ್ಟ ರೀಲ್ಸ್, ಒಂದೊಂದು ಶಾಸ್ತ್ರಕ್ಕೆ ಒಂದೊಂದು ಫೋಲ್ಡರ್. ಹಲ್ದಿ, ಮೆಹೆಂದಿ, ಸಂಗೀತ್, ಪ್ರಿ-ವೆಡ್ಡಿಂಗ್, ಬ್ರೈಡಲ್ ಎಂಟ್ರಿ. ಹಲ್ದಿಯದನ್ನು ಕೂತು ನೋಡಿದೆ. ಹಿಂದೆ ಚೆಂಡುಹೂವಿನ ಗೋಡೆ, ಎಲ್ಲರಿಗೂ ಹಳದಿ ಬಟ್ಟೆ, ಕಪ್ಪು ಕನ್ನಡಕ ಹಾಕಿ ಕುಣಿದುಕೊಂಡು ಬರುವ ಮದುಮಗಳು, ಮೇಲಿಂದ ಸುರಿಯುವ ಹೂವಿನ ಎಸಳು. ಯಾವ ವಿಡಿಯೊ ಯಾವ ರಾಜ್ಯದ್ದು ಅಂತ ಹೇಳೋಕೆ ಆಗುತ್ತಿರಲಿಲ್ಲ. ರಿಸೆಪ್ಷನ್‌ಗೆ ಆರಿಸಿದ್ದ ಲೆಹೆಂಗಾ ತಿಳಿ ಗುಲಾಬಿ ಬಣ್ಣದ್ದು. 2017ರ ಡಿಸೆಂಬರಿನಲ್ಲಿ ಇಟಲಿಯಲ್ಲಿ ವಿರಾಟ್ ಕೊಹ್ಲಿ, ಅನುಷ್ಕಾ ಶರ್ಮಾ ಮದುವೆಯಾದಾಗ ಆಕೆ ಉಟ್ಟಿದ್ದ ಆ ತಿಳಿ ಬಣ್ಣ ಆಮೇಲೆ ಎಷ್ಟು ಊರಿನ ಮಂಟಪಗಳಿಗೆ ಬಂತು ನೀವೂ ನೋಡಿರುತ್ತೀರಿ. ಚೈತ್ರಾಗೆ ಗಾಢ ಹಸಿರು ಅಂದ್ರೆ ಪ್ರಾಣ. ಅವತ್ತು ಹಾಕಿಕೊಂಡು ಬಂದದ್ದೂ ಹಸಿರು ಕುರ್ತಾನೇ. ಮತ್ತೆ ಗುಲಾಬಿ ಯಾಕೆ ಎಂದರೆ, ‘ಫೋಟೊದಲ್ಲಿ ಅದೇ ಚೆನ್ನಾಗಿ ಬರುತ್ತಂತೆ’ ಎಂದಳು. ಹಾಗೆ ಹೇಳಿದ್ದು ಯಾರು ಅಂತ ಅವಳಿಗೆ ನೆನಪಿರಲಿಲ್ಲ.

ಖರ್ಚು ಅಪ್ಪನ ಕೈ ಮೀರಿತ್ತು. ಅವರಿಗೆ ಹೇಳದೆ 4 ಲಕ್ಷ ರೂಪಾಯಿ ಪರ್ಸನಲ್ ಲೋನ್‌ಗೆ ಅರ್ಜಿ ತುಂಬಿಟ್ಟಿದ್ದಳು. ಇನ್ನೂ ಕಳಿಸಿರಲಿಲ್ಲ.

ಹಳ್ಳಿಯ ಮದುವೆಯಲ್ಲಿ ಮೊದಲು ಪೂರ್ತಿ ಸ್ವಾತಂತ್ರ್ಯ ಇತ್ತು ಅಂತ ನಾನು ಹೇಳಲ್ಲ. ‘ನಾಲ್ಕು ಜನ ಏನಂತಾರೆ’ ಅನ್ನೋ ಮಾತು ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿದೆ! ಆದರೆ ಆ ನಾಲ್ಕು ಜನ ಯಾರು ಅಂತ ಗೊತ್ತಿತ್ತು. ಬೀಗರೂಟಕ್ಕೆ ಬರೋರು ಅವರೇ, ಕೊಂಕು ತೆಗೆಯೋರೂ ಅವರೇ. ಬೇಕೆಂದರೆ ಅವರ ಜೊತೆ ಜಗಳ ಆಡಬಹುದಿತ್ತು. ಅವರ ಒತ್ತಾಯ ಒತ್ತಾಯದ ಹಾಗೇ ಕಾಣುತ್ತಿತ್ತು. ಫೋನಿನೊಳಗಿನ ಜನರಿಗೆ ಮುಖ ಇಲ್ಲ, ಲೆಕ್ಕ ಇಲ್ಲ. ಅವರು ಯಾರೂ ಹೀಗೇ ಮಾಡು ಅಂತ ಹೇಳುವುದೂ ಇಲ್ಲ. ಒಂದೇ ರೀತಿಯದನ್ನು ನೂರು ಸಲ ನೋಡಿದ ಮೇಲೆ ಅದು ನನ್ನದೇ ಆಸೆ ಅನ್ನಿಸಿಬಿಡುತ್ತದೆ. ಚೈತ್ರಾಳನ್ನು ಕಾಡುತ್ತಿದ್ದದ್ದು ಇದೇ. ಯಾರ ಮೇಲೂ ದೂರು ಹೇಳುವ ಹಾಗಿಲ್ಲ. ಆರಿಸಿದ್ದು ತಾನೇ ಅಲ್ವಾ?

ಈ ಆಸೆ ಹುಟ್ಟುವ ಬಗೆಯನ್ನು ಅವಳ ಜೊತೆ ಬಿಡಿಸಿ ನೋಡಿದೆ. 2020ರ ಜೂನ್‌ ಕೊನೆಗೆ ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲಿ ಇಲ್ಲಿ ರೀಲ್ಸ್ ಶುರುವಾಯಿತು. ರೀಲ್ಸ್‌ನಲ್ಲಿ ಒಬ್ಬರು ಬಳಸಿದ ಹಾಡನ್ನು ಒತ್ತಿದರೆ ಸಾಕು, ನಾವೂ ಅದೇ ಹಾಡಿಗೆ ವಿಡಿಯೊ ಮಾಡಬಹುದು. ನಕಲು ಮಾಡಲು ಅಷ್ಟು ಸಲೀಸು. ಒಂದು ಹಲ್ದಿ ವಿಡಿಯೊ ಕೊನೆವರೆಗೂ ನೋಡಿದರೆ ಅಂಥದ್ದೇ ಇನ್ನಷ್ಟು ಬರುತ್ತವೆ. ಡೆಕೊರೇಟರ್, ಫೋಟೊಗ್ರಾಫರ್ ಕೂಡ ಜನ ಕೇಳೋದನ್ನೇ ಪ್ಯಾಕೇಜ್ ಮಾಡಿ ಮುಂದಿಡುತ್ತಾರೆ. ಅವರ ಹೊಟ್ಟೆಪಾಡು, ತಪ್ಪು ಹೇಳೋಕಾಗಲ್ಲ. ಆ ಮದುವೆಗಳ ವಿಡಿಯೊ ಮತ್ತೆ ಫೋನಿಗೆ ಬರುತ್ತದೆ. ಇಷ್ಟು ಸುತ್ತು ಹೊಡೆದ ಮೇಲೆ ಚೈತ್ರಾ ‘ನನಗಿಷ್ಟ’ ಅಂತ ಬೆರಳು ತೋರಿಸುತ್ತಾಳೆ.

ಅವಳು ತನ್ನನ್ನೇ ‘ಸ್ವಂತ ಬುದ್ಧಿ ಇಲ್ಲದವಳು’ ಎಂದು ಬೈದುಕೊಳ್ಳುತ್ತಿದ್ದಳು. ಅದಕ್ಕೇ ಹಳೆಯ ಪ್ರಯೋಗವೊಂದನ್ನು ಹೇಳಿದೆ. ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆ್ಯಶ್ 1950ರ ದಶಕದಲ್ಲಿ ಮಾಡಿದ್ದು. ಒಂದು ಗೆರೆ ತೋರಿಸಿ, ಇನ್ನೊಂದು ಕಾರ್ಡಿನ ಮೂರು ಗೆರೆಗಳಲ್ಲಿ ಅಷ್ಟೇ ಉದ್ದದ್ದು ಯಾವುದು ಅಂತ ಕೇಳುವುದು. ಮಗುವಿಗೂ ಗೊತ್ತಾಗುವಂಥದ್ದು. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕಂತಲೇ ತಪ್ಪು ಉತ್ತರ ಹೇಳುತ್ತಿದ್ದರು. ಅಂಥ ಸುತ್ತುಗಳಲ್ಲಿ ಸುಮಾರು ಮೂರರಲ್ಲಿ ಒಂದು ಉತ್ತರ ಗುಂಪಿನ ತಪ್ಪಿನ ಕಡೆಗೇ ವಾಲಿತು. ನಾಲ್ಕರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ಜೊತೆ ಹೋದರು. ಕಣ್ಣೆದುರಿನ ಗೆರೆಯ ವಿಷಯದಲ್ಲೇ ಹೀಗಾದರೆ, ಸರಿ ತಪ್ಪು ಅನ್ನೋದೇ ಇಲ್ಲದ ಲೆಹೆಂಗಾ ಬಣ್ಣದ ವಿಷಯದಲ್ಲಿ ಮನಸ್ಸು ವಾಲುವುದು ದಡ್ಡತನ ಅಲ್ಲ, ಮನುಷ್ಯರ ಸ್ವಭಾವ. ಅದೇ ಪ್ರಯೋಗದಲ್ಲಿ ನನಗೆ ಬೇಕಿದ್ದ ಇನ್ನೆರಡು ಸಂಗತಿ ಇದ್ದವು. ಉತ್ತರವನ್ನು ಗಟ್ಟಿಯಾಗಿ ಹೇಳದೆ ಗುಟ್ಟಾಗಿ ಬರೆದುಕೊಡಿ ಎಂದಾಗ ಜನ ಗುಂಪಿಗೆ ವಾಲುವುದು ಬಹಳ ಕಡಿಮೆಯಾಯಿತು. ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವವನಿದ್ದಾಗಲೂ ಅಷ್ಟೇ. ಬರೆದುಕೊಳ್ಳುವುದು, ಜೊತೆಗೊಬ್ಬರು ಇರುವುದು. ನನ್ನ ಸಲಹೆ ಹೆಚ್ಚುಕಡಿಮೆ ಈ ಎರಡರ ಮೇಲೆಯೇ ನಿಂತಿತ್ತು.

ಫೋನ್ ಬ್ಯಾಗಿನಲ್ಲಿಡಿಸಿ ನೋಟ್‌ಬುಕ್ ಕೊಟ್ಟೆ. ‘ಮದುವೆಯಲ್ಲಿ ಒಂದೂ ಫೋಟೊ ತೆಗೆಯಲ್ಲ, ಯಾರೂ ಎಲ್ಲೂ ಹಾಕಲ್ಲ ಅಂತ ಇಟ್ಟುಕೋ. ಆಗ ಏನೇನು ಇರಬೇಕು, ಏನೇನು ಬೇಡ, ಬರಿ’ ಎಂದೆ. ತುಂಬ ಹೊತ್ತು ಪೆನ್ ಎತ್ತಲೇ ಇಲ್ಲ. ಆಮೇಲೆ ಬರೆದಳು. ಅರಿಶಿನ ಎಣ್ಣೆ ಶಾಸ್ತ್ರಕ್ಕೆ ಅಜ್ಜಿ ಸೋಬಾನೆ ಪದ ಹೇಳಬೇಕು. ಊರಿನ ಮನೆ ಮುಂದೆ ಚಪ್ಪರ ಹಾಕಿ ಅಲ್ಲೇ ಊಟ. ಹಸಿರು ಸೀರೆ. ರಿಸೆಪ್ಷನ್‌ನಲ್ಲಿ ಗಂಟೆಗಟ್ಟಲೆ ನಿಂತು ನಗುವುದು ಬೇಡ. ಡಾನ್ಸ್ ಬೇಕು.

ಡಾನ್ಸ್ ಬಗ್ಗೆ ಕೇಳಿದಾಗ ಮುಖ ಅರಳಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಕುಣಿಯುತ್ತಿದ್ದಳಂತೆ. ನನಗೆ ಈ ಪಟ್ಟಿ ಬಹಳ ಇಷ್ಟವಾಯಿತು. ಇದರಲ್ಲಿ ಅಜ್ಜಿ ಕಾಲದ್ದೂ ಇದೆ, ರೀಲ್ಸ್‌ನಲ್ಲಿ ಬರುವಂಥದ್ದೂ ಇದೆ, ಎರಡಕ್ಕೂ ಸೇರದ್ದೂ ಇದೆ. ಟ್ರೆಂಡ್ ಬಿಟ್ಟು ಸಂಪ್ರದಾಯಕ್ಕೆ ಮರಳು ಅಂತ ಸಲಹೆ ಕೊಡುವ ಹಿರಿಯರು ಜಾಸ್ತಿ. ಅದೂ ಇನ್ನೊಂದು ಗುಂಪಿನ ಮಾತು ಕೇಳು ಅಂದ ಹಾಗೇ.

ಹುಡುಗನನ್ನೂ ಒಂದು ಸಲ ಕರೆಸಿದೆ. ಎಲ್ಲದಕ್ಕೂ ‘ನಿನ್ನಿಷ್ಟ’ ಅನ್ನುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ, ಆದರೆ ಅವಳು ಒಂಟಿಯಾಗಿಬಿಟ್ಟಿದ್ದಳು. ನಿನಗೇನು ಬೇಡ ಹೇಳು ಅಂತ ಒತ್ತಿ ಕೇಳಿದಾಗ, ಕ್ಯಾಮೆರಾ ಮುಂದೆ ಓಡಿ ಬಂದು ತಬ್ಬಿಕೊಳ್ಳುವ ಪ್ರಿ-ವೆಡ್ಡಿಂಗ್ ಶೂಟ್ ನೆನೆದರೆ ಬೆವರುತ್ತದೆ ಎಂದ. ಚೈತ್ರಾ ನಕ್ಕಳು. ಅವಳಿಗೂ ಅದು ಬೇಡವಾಗಿತ್ತು! ಇಬ್ಬರೂ ಇನ್ನೊಬ್ಬರಿಗೆ ಬೇಕಿರಬಹುದು ಅಂತ ಸುಮ್ಮನಿದ್ದರು. ಇನ್ನು ಮೇಲೆ ‘ನಿನ್ನಿಷ್ಟ’ ಅನ್ನುವ ಮುಂಚೆ ನಿನ್ನ ಇಷ್ಟವನ್ನೂ ಹೇಳು ಎಂದು ಅವನಿಗೆ ಹೇಳಿದೆ.

ಫೋನಿನಿಂದ ಆ್ಯಪ್ ತೆಗೆದುಹಾಕು ಅಂತ ನಾನು ಹೇಳಲಿಲ್ಲ. ಮೇಕಪ್‌ನವರು, ಹೂವಿನವರು ಎಲ್ಲ ಸಿಗುವುದು ಅದರಲ್ಲೇ. ಸೇವ್ ಮಾಡಿದ್ದನ್ನೆಲ್ಲ ಖಾಲಿ ಮಾಡು, ಮದುವೆ ಪೇಜುಗಳನ್ನು ಅನ್‌ಫಾಲೊ ಮಾಡು, ಅಂಥ ರೀಲ್ ಬಂದರೆ ‘ಆಸಕ್ತಿ ಇಲ್ಲ’ ಒತ್ತು ಎಂದೆ. ಮುಖ್ಯವಾದದ್ದು ಕ್ರಮ. ಮೊದಲು ಬರೆದು ನಿರ್ಧಾರ ಮಾಡಬೇಕು, ಆಮೇಲೆ ಅದಕ್ಕೆ ಬೇಕಾದದ್ದನ್ನಷ್ಟೇ ಹುಡುಕಬೇಕು. 10,000 ರೂಪಾಯಿ ಮೀರಿದ ಯಾವ ಖರ್ಚಿಗೂ ಮೂರು ರಾತ್ರಿ ಕಳೆಯುವವರೆಗೆ ಅಡ್ವಾನ್ಸ್ ಕೊಡಬಾರದು, ಹುಡುಗನಿಗೆ ಹೇಳದೆ ಕೊಡಲೇಬಾರದು. ಲೋನ್ ಅರ್ಜಿಗೂ ಇದೇ ನಿಯಮ. ಮೂರನೇ ದಿನ ಅವಳೇ ಅದನ್ನು ಅಳಿಸಿದಳು.

ಕಷ್ಟವಾದದ್ದು ಅಮ್ಮನ ವಿಷಯ. ಹೂವಿನ ಗೋಡೆ ಚೈತ್ರಾಗಿಂತ ಅಮ್ಮನಿಗೇ ಬೇಕಿತ್ತು. ಅಣ್ಣನ ಮಗಳ ಮದುವೆಯ ಫೋಟೊಗಳು ಅವರ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿದ್ದವಲ್ಲ. ಅಮ್ಮನ ಜೊತೆ ವಾದಕ್ಕಿಳಿಯಬೇಡ, ಒಂದೇ ಪ್ರಶ್ನೆ ಕೇಳು ಎಂದೆ: ‘ಅಮ್ಮ, ಯಾವುದು ಒಂದು ಇಲ್ಲದಿದ್ರೆ ನಿಂಗೆ ನಿಜವಾಗ್ಲೂ ಬೇಜಾರಾಗುತ್ತೆ?’ ಅಮ್ಮ ಹೂವು ಎಂದರು. ಅವರ ಮದುವೆಯಲ್ಲಿ ಬಡತನ, ಹೂವಿನ ಹಾರಕ್ಕೂ ಲೆಕ್ಕ ಹಾಕಿದ್ದರಂತೆ. ಮಗಳಿಗೆ ಇದು ಗೊತ್ತೇ ಇರಲಿಲ್ಲ. ಹಾಗಾಗಿ ಹೂವಿನ ಗೋಡೆ ಉಳಿಯಿತು. ನನ್ನ ಪ್ರಕಾರ ಅದು ಸರಿಯಾದದ್ದೇ. ನಕಲು ಮಾಡಿದ್ದರಲ್ಲೂ ಯಾರದೋ ನಿಜವಾದ ಆಸೆ ಇರಬಹುದು. ಕೇಳದೆ ಗೊತ್ತಾಗಲ್ಲ.

ಮದುವೆ ಆಯಿತು. ಪ್ರಿ-ವೆಡ್ಡಿಂಗ್ ಶೂಟ್ ಇರಲಿಲ್ಲ. ಅರಿಶಿನ ಶಾಸ್ತ್ರ ಊರಿನ ಮನೆಯಲ್ಲಿ ನಡೆಯಿತು. ಹಳದಿಯೇ ಉಡಿ ಅಂತ ಯಾರೂ ಹೇಳದಿದ್ದರೂ ಅತ್ತೆ ಮಕ್ಕಳೆಲ್ಲ ಹಳದಿ ಉಟ್ಟು ಬಂದರಂತೆ. ರಿಸೆಪ್ಷನ್‌ನಲ್ಲಿ ನಿಲ್ಲದಿರುವುದಕ್ಕೆ ಮಾವನವರು ಒಪ್ಪದೇ ಇದ್ದದ್ದರಿಂದ ವೇದಿಕೆ ಮೇಲೆ ನಿಲ್ಲಲೇಬೇಕಾಯಿತು, ಹಸಿರು ಸೀರೆಯಲ್ಲಿ. ನಿದ್ದೆ ಸರಿಹೋಗಿದೆ, ಅಳು ನಿಂತಿದೆ. ಆದರೆ ಫೋಟೊ ಹಾಕಿದ ಮೇಲೆ ರಾತ್ರಿ ಎದ್ದೆದ್ದು ಲೈಕ್ಸ್ ನೋಡಿದ್ದಳು. ಗೆಳತಿಯ ಮದುವೆಯ ಫೋಟೊಗೆ ಬಂದದ್ದಕ್ಕಿಂತ ಕಡಿಮೆ ಅಂತ ಕೊರಗು. ಅದಕ್ಕಾಗಿ ಇನ್ನೊಮ್ಮೆ ಬಂದಳು. ಲೈಕ್ಸ್ ಸಂಖ್ಯೆ ಕಾಣದ ಹಾಗೆ ಮಾಡುವ ಸೆಟ್ಟಿಂಗ್ 2021ರಿಂದಲೇ ಇದೆ, ಅದನ್ನು ಹಾಕಿಕೊಟ್ಟೆ. ಮದುವೆ ಆಲ್ಬಮ್ ಬಂದಾಗ ಗಂಡ ಹೆಂಡತಿ ಇಬ್ಬರೇ ಕೂತು ತಮಗಿಷ್ಟವಾದ ಹತ್ತು ಫೋಟೊ ಆರಿಸಿ, ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಟ್ಟ ಮೇಲಷ್ಟೇ ಆನ್‌ಲೈನ್‌ಗೆ ಹಾಕಿ ಎಂದಿದ್ದೇನೆ. ಈ ಲೈಕ್ಸ್ ವಿಷಯದ ಮೇಲೆ ನಮ್ಮ ಮಾತು ಇನ್ನೂ ನಡೆಯುತ್ತಿದೆ.

ಮದುವೆ ತಯಾರಿಯಲ್ಲಿ ಗಡಿಬಿಡಿ, ಸಿಟ್ಟು ಎಲ್ಲರಿಗೂ ಇರುತ್ತದೆ. ಆದರೆ ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದರೆ ತಡಮಾಡಬೇಡಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಫೋನ್ ಕೆಳಗಿಡಲು ಆಗುವುದೇ ಇಲ್ಲ ಎನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ಇದೆ.