ಚಾರಣದ ಕೋಲು ಹಿಡಿದು ಕೈ ನೋಯುತ್ತಿದ್ದರೆ ಮೊದಲು ಅದರ ಕೈಪಟ್ಟಿ ನೋಡಿ

ಕುಮಾರ ಪರ್ವತ ಇಳಿದು ಕುಕ್ಕೆ ಸೇರುವಷ್ಟರಲ್ಲಿ ಮಣಿಕಟ್ಟು ನೋವು, ಕಿರುಬೆರಳು ಜೋಮು ಅಂತ ಬರೆದಿದ್ದೀರಿ. ನನಗೂ ಮೊದಲ ಚಾರಣಗಳಲ್ಲಿ ಹೀಗೇ ಆಗುತ್ತಿತ್ತು. ಕೋಲಿನ ಹಿಡಿಗೆ ಕಟ್ಟಿರುವ ಪಟ್ಟಿಯೊಳಗೆ ಕೈಯನ್ನು ಮೇಲಿನಿಂದ ತೂರಿಸುತ್ತೀರಾ? ಹಾಗೆ ಮಾಡಬೇಡಿ. ಕೆಳಗಿನಿಂದ ಕೈ ಮೇಲಕ್ಕೆ ತಂದು, ಆಮೇಲೆ ಪಟ್ಟಿಯನ್ನೂ ಹಿಡಿಯನ್ನೂ ಒಟ್ಟಿಗೆ ಹಿಡಿಯಿರಿ. ಆಗ ಭಾರವನ್ನು ಪಟ್ಟಿ ಹೊರುತ್ತದೆ. ಕೋಲು ಜಾರದಂತೆ ಬೆರಳು ಮೆಲ್ಲಗೆ ಹಿಡಿದರೆ ಸಾಕು, ಬಿಗಿಯಾಗಿ ಹಿಸುಕುವುದು ಬೇಡ.

ಇಳಿಯುವಾಗ ಹಿಡಿಯ ತುದಿಗೆ ಅಂಗೈ ಊರಿ ಮೈಭಾರವೆಲ್ಲ ಹಾಕುತ್ತೇವೆ, ಅಲ್ವಾ? ಕಿರುಬೆರಳಿನ ಕಡೆ ಅಂಗೈ ಬುಡದಲ್ಲೇ ಒಂದು ನರ ಹಾದು ಹೋಗುತ್ತದೆ. ಅದನ್ನು ತುಂಬ ಹೊತ್ತು ಒತ್ತಿದರೆ ಜೋಮು ಬರುತ್ತದೆ. ಸಮತಟ್ಟಿನಲ್ಲಿ ಮೊಣಕೈ ಸುಮಾರು 90 ಡಿಗ್ರಿ ಮಡಚುವಷ್ಟು ಕೋಲಿನ ಉದ್ದ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ 5ರಿಂದ 10 ಸೆಂ.ಮೀ. ಜಾಸ್ತಿ ಮಾಡಿ. ಮಣಿಕಟ್ಟು ಹಿಂದಕ್ಕೆ ಬಾಗದೆ ಮುಂಗೈಗೆ ನೇರವಾಗಿರಲಿ.

ಬಂಡೆ ಸಂದು ಜಾಸ್ತಿ ಇರುವ ಕಡೆ ಮಾತ್ರ ಪಟ್ಟಿಯಿಂದ ಕೈ ತೆಗೆದುಬಿಡಿ. ಕೋಲು ಸಿಕ್ಕಿಕೊಂಡು ನೀವು ಬಿದ್ದರೆ ಹೆಬ್ಬೆರಳು ತಿರುಚುತ್ತದೆ.

ಮನೆಗೆ ಬಂದು ಕೆಲವು ದಿನ ಆದರೂ ಜೋಮು ಹೋಗದಿದ್ದರೆ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ.