ನಿರಾಶ್ರಿತರ ಶಿಬಿರದ ಕ್ಲಿನಿಕ್‌ಗೆ ಆ್ಯಪ್ ತಂದರೆ ಫೋನ್ ಇಲ್ಲದವರ ಗತಿಯೇನು?

ಶಿಬಿರದ ಕ್ಲಿನಿಕ್‌ನಲ್ಲಿ ಸರದಿ ಕಾಯ್ದಿರಿಸಲು ಮತ್ತು ಮಾತ್ರೆ ನೆನಪಿಸಲು ಒಂದು ಆ್ಯಪ್ ಮಾಡುತ್ತಿದ್ದೇವೆ, ಇದರಿಂದ ಫೋನ್ ಇಲ್ಲದವರು ಇನ್ನಷ್ಟು ಹಿಂದೆ ಬೀಳುತ್ತಾರೆಯೇ ಎಂದು ಕೇಳಿದ್ದೀರಿ. ಆ್ಯಪ್ ಒಂದೇ ದಾರಿಯಾದರೆ ಖಂಡಿತ ಬೀಳುತ್ತಾರೆ. ವಯಸ್ಸಾದವರು, ಓದು ಬಾರದವರು, ಗಂಡನ ಫೋನನ್ನೇ ನಂಬಿಕೊಂಡ ಗರ್ಭಿಣಿಯರು: ಆರೈಕೆ ಹೆಚ್ಚು ಬೇಕಾದವರೂ ಇವರೇ, ಫೋನ್ ಕೈಗೆ ಸಿಗದವರೂ ಇವರೇ. ಮನೆಯಲ್ಲೇ ಕೂತು ಸರದಿ ಹಿಡಿಯುವ ಯುವಕರು ಬೆಳಗಿನ ಹೊತ್ತನ್ನೆಲ್ಲ ತುಂಬಿಬಿಟ್ಟರೆ, ನಡೆದು ಬಂದ ಅಜ್ಜಿಗೆ ‘ನಾಳೆ ಬನ್ನಿ’ ಎಂಬ ಉತ್ತರ ಸಿಗುತ್ತದೆ.

ಕೋಡ್ ಬರೆಯುವ ಮೊದಲು ಮನೆಮನೆಗೆ ಹೋಗಿ ಕೇಳಿ. ‘ಫೋನ್ ಇದೆಯೇ’ ಎಂದಷ್ಟೇ ಕೇಳಿದರೆ ಎಲ್ಲರೂ ‘ಇದೆ’ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹಗಲಿನಲ್ಲಿ ಅದು ಯಾರ ಕೈಯಲ್ಲಿರುತ್ತದೆ? ಕೀಪ್ಯಾಡ್ ಫೋನೋ, ಸ್ಮಾರ್ಟ್‌ಫೋನೋ? ಸಿಮ್ ಯಾರ ಹೆಸರಲ್ಲಿದೆ? ಆರು ತಿಂಗಳಲ್ಲಿ ನಂಬರ್ ಬದಲಾಗಿದೆಯೇ? ಚಾರ್ಜ್ ಎಲ್ಲಿ ಮಾಡುತ್ತೀರಿ? ಬಂದ ಮೆಸೇಜನ್ನು ಓದಿ ಹೇಳುವವರು ಯಾರು? ಹೆಂಗಸರನ್ನು ಬೇರೆಯಾಗಿ, ಹೆಂಗಸರೇ ಕೇಳಬೇಕು. ಗಂಡನ ಎದುರು ಬರುವ ಉತ್ತರವೇ ಬೇರೆ.

ಸಿಮ್ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಹಳ ದೇಶಗಳಲ್ಲಿ ಸಿಮ್‌ಗೆ ಸರ್ಕಾರ ಒಪ್ಪುವ ಗುರುತಿನ ಚೀಟಿ ಬೇಕು, ಅನೇಕ ನಿರಾಶ್ರಿತರಲ್ಲಿ ಅದಿಲ್ಲ. ಹಾಗಾಗಿ ಬೇರೆಯವರ ಹೆಸರಿನ ಸಿಮ್ ಬಳಸುತ್ತಾರೆ, ಅದು ಯಾವತ್ತು ಬೇಕಾದರೂ ಬಂದ್ ಆಗಬಹುದು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ರೋಹಿಂಗ್ಯಾ ಶಿಬಿರಗಳಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಸರ್ಕಾರವೇ 3ಜಿ, 4ಜಿ ಕಡಿತಗೊಳಿಸಿತು. ಮತ್ತೆ ಬಂದದ್ದು 2020ರ ಆಗಸ್ಟ್‌ನಲ್ಲಿ. ಕೋವಿಡ್‌ನ ಮೊದಲ ತಿಂಗಳುಗಳು, ಮಾಹಿತಿ ಅತಿ ಹೆಚ್ಚು ಬೇಕಿದ್ದ ಹೊತ್ತು, ಹಾಗೆಯೇ ಕಳೆದುಹೋದವು. ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುವ ವ್ಯವಸ್ಥೆ ಬೇಕು ಎನ್ನುವುದು ಇದಕ್ಕೇ.

ಆದ್ದರಿಂದ ಫೋನ್ ನಂಬರನ್ನೇ ರೋಗಿಯ ಗುರುತಾಗಿ ಮಾಡಲೇಬೇಡಿ. ಒಂದೇ ನಂಬರಿನಲ್ಲಿ ಮೂರು ಮನೆಯವರು ನೋಂದಾಯಿಸಿರುತ್ತಾರೆ. ಒಬ್ಬರ ರಕ್ತ ಪರೀಕ್ಷೆಯ ಫಲಿತಾಂಶ ಇನ್ನೊಬ್ಬರಿಗೆ ತಲುಪುತ್ತದೆ. ಕ್ಲಿನಿಕ್‌ನದೇ ಒಂದು ಕಾರ್ಡ್ ನಂಬರ್ ಕೊಡಿ, ಫೋನ್ ನಂಬರ್ ಅದರ ಕೆಳಗೆ ಬದಲಾಯಿಸಬಹುದಾದ ವಿವರವಾಗಿ ಇರಲಿ. ಪ್ರತಿ ಭೇಟಿಯಲ್ಲೂ ‘ಇದೇ ನಂಬರಾ?’ ಎಂದು ಕೇಳಿ. ಉದಾಹರಣೆಗೆ, ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಅಷ್ಟರಲ್ಲಿ ನಂಬರ್ ಬದಲಾದರೆ ಮಾತ್ರೆ ನೆನಪಿಸುವ ಸಂದೇಶಗಳೆಲ್ಲ ಯಾರಿಗೋ ಹೋಗುತ್ತವೆ, ಚಿಕಿತ್ಸೆ ನಡುವೆ ನಿಲ್ಲುತ್ತದೆ.

ಎಸ್‌ಎಂಎಸ್ ಸುಲಭ ಅನ್ನಿಸುತ್ತದೆ, ಅಲ್ಲೂ ಒಂದು ತೊಡಕಿದೆ. ಇಂಗ್ಲಿಷ್ ಅಕ್ಷರಗಳಲ್ಲಾದರೆ ಒಂದು ಸಂದೇಶಕ್ಕೆ 160 ಚಿಹ್ನೆ. ಅರೇಬಿಕ್, ಬರ್ಮೀಸ್, ಬಂಗಾಳಿ ಲಿಪಿಗಳಲ್ಲಿ 70 ಮಾತ್ರ. ಅದನ್ನು ಮೀರಿದರೆ 67ರ ತುಂಡುಗಳಾಗಿ ಹೋಗುತ್ತದೆ, ತುಂಡಿಗೊಂದರಂತೆ ಹಣ ಬೀಳುತ್ತದೆ. ಭಾರತೀಯ ಲಿಪಿಗಳಲ್ಲಿ ಕಾಗುಣಿತದ ಚಿಹ್ನೆಯೂ ಬೇರೆ ಎಣಿಕೆ: ಕನ್ನಡದಲ್ಲೇ ನೋಡಿ, ‘ಗುರುವಾರ’ ಎಂದರೆ ಏಳು. ‘ಗುರುವಾರ ಬೆಳಿಗ್ಗೆ 9ಕ್ಕೆ ಕ್ಲಿನಿಕ್‌ಗೆ ಬನ್ನಿ. ಕಾರ್ಡ್ ತನ್ನಿ.’ ಇಷ್ಟಕ್ಕೇ 55 ಆಯಿತು. ಇಷ್ಟೇ ಸಾಕು ಕೂಡ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಗರ್ಭಿಣಿ ಎಂಬ ಮಾತು ಸಂದೇಶದಲ್ಲಿ ಬರಲೇಕೂಡದು. ಕಳಿಸಿದವರ ಹೆಸರಿನ ಜಾಗದಲ್ಲಿ ‘ಕ್ಷಯ ಘಟಕ’ ಎಂದು ಮೂಡಿದರೂ ಗುಟ್ಟು ರಟ್ಟಾದಂತೆಯೇ. ಹಳೆಯ ಕೀಪ್ಯಾಡ್ ಫೋನ್‌ಗಳಲ್ಲಿ ಕೆಲವು ಲಿಪಿ ಬರೀ ಚೌಕಗಳಾಗಿ ಕಾಣುತ್ತದೆ. ಅಲ್ಲಿನವರದೇ ನಾಲ್ಕೈದು ಫೋನ್ ತೆಗೆದುಕೊಂಡು ಮೊದಲು ಕಳಿಸಿ ನೋಡಿ.

ನನ್ನ ಪ್ರಕಾರ ಮೊದಲ ಹೆಜ್ಜೆ ಆ್ಯಪ್ ಅಲ್ಲ, ಧ್ವನಿ. ಜನ ಮಿಸ್ಡ್ ಕಾಲ್ ಕೊಡಲಿ, ಕ್ಲಿನಿಕ್ ತಿರುಗಿ ಕರೆ ಮಾಡಲಿ; ಅವರ ಬ್ಯಾಲೆನ್ಸ್ ಖರ್ಚಾಗುವುದಿಲ್ಲ, ಓದಲು ಬರಬೇಕಿಲ್ಲ. ರೆಕಾರ್ಡ್ ಮಾಡುವುದಾದರೆ ಶಿಬಿರದವರದೇ ದನಿ ಇರಲಿ. ಆತಿಥೇಯ ದೇಶದ ಭಾಷೆ ಹತ್ತಿರದ್ದೆಂದು ಅದರಲ್ಲೇ ಹೇಳಿಬಿಟ್ಟರೆ ಡೋಸಿನ ವಿಚಾರದಲ್ಲೇ ತಪ್ಪಾಗುತ್ತದೆ. ‘1 ಒತ್ತಿ, 2 ಒತ್ತಿ’ ಎನ್ನುವ ಮೆನುವಿನಲ್ಲಿ ಮೂರಕ್ಕಿಂತ ಹೆಚ್ಚು ಆಯ್ಕೆ ಬೇಡ.

ಡಿಜಿಟಲ್ ಎಂದರೆ ಕೆಲಸಕ್ಕೆ ಬಾರದ್ದು ಎಂದು ಖಂಡಿತ ಹೇಳುತ್ತಿಲ್ಲ. ಲೆಬನಾನ್‌ನ ಸಿರಿಯಾ ನಿರಾಶ್ರಿತರಲ್ಲಿ ಖಿನ್ನತೆಗೆಂದು ವಿಶ್ವ ಆರೋಗ್ಯ ಸಂಸ್ಥೆಯ ‘ಸ್ಟೆಪ್ ಬೈ ಸ್ಟೆಪ್’ ಎಂಬ ಐದು ಕಂತಿನ ಆನ್‌ಲೈನ್ ಕಾರ್ಯಕ್ರಮವನ್ನು ಪರೀಕ್ಷಿಸಿದಾಗ ಫಲ ಸಿಕ್ಕಿತು. ಅದರಲ್ಲೂ ವಾರಕ್ಕೊಮ್ಮೆ ಮಾತಾಡಿಸುವ, ತರಬೇತಿ ಪಡೆದ ಒಬ್ಬ ಸಹಾಯಕರಿದ್ದರು.

ಕೊನೆಯದಾಗಿ, ಎಷ್ಟು ಡೌನ್‌ಲೋಡ್ ಆಯಿತು ಎಂದು ಎಣಿಸಬೇಡಿ. ಮರುಭೇಟಿ ತಪ್ಪಿಸಿಕೊಂಡವರನ್ನು ಸ್ವಂತ ಫೋನ್ ಇರುವವರು, ಹಂಚಿಕೊಳ್ಳುವವರು, ಇಲ್ಲವೇ ಇಲ್ಲದವರು ಎಂದು ಮೂರು ಸಾಲಿನಲ್ಲಿ ತಿಂಗಳು ತಿಂಗಳು ಬರೆಯಿರಿ. ಮೊದಲ ಸಾಲು ಸುಧಾರಿಸಿ ಮೂರನೆಯದು ನಿಂತಲ್ಲೇ ನಿಂತಿದ್ದರೆ ಆ್ಯಪ್‌ಗೆ ಇನ್ನಷ್ಟು ಹಣ ಹಾಕುವುದನ್ನು ನಿಲ್ಲಿಸಿ, ಆ ಹಣದಲ್ಲಿ ಮನೆ ಬಾಗಿಲಿಗೆ ಹೋಗುವ ಕಾರ್ಯಕರ್ತೆಯರನ್ನು ನೇಮಿಸಿ. ಮೂರನೆಯ ಸಾಲಿನ ಹೆಸರುಗಳ ಪಟ್ಟಿ ಪ್ರತಿ ವಾರ ಕಾಗದದಲ್ಲಿ ಅವರ ಕೈ ಸೇರಬೇಕು. ಕಾರ್ಡ್ ನಂಬರ್, ಹೆಸರು, ಗುಡಿಸಲು ಯಾವ ಸಾಲಿನಲ್ಲಿದೆ ಎನ್ನುವುದು ಸಾಕು, ಕಾಯಿಲೆಯ ವಿವರ ಅದರಲ್ಲಿ ಬೇಡ.